ಶುರು ಫೈಲು ಬರೆಸುತ್ತಿದ್ದ ಮೇಡಂ

ನಮ್ಮ ಮೇಡಂ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜಕ್ಕೂರಿನ ಹಳೇ ಊರಿನೊಳಗೆ, ಕೆರೆಯ ಕಡೆಗೆ ಇಳಿಯುವ ಓಣಿಯಲ್ಲಿದ್ದ ಅವರ ಮನೆಗೆ ಹೋದಾಗ ಶಾಮಿಯಾನ ಬಿಚ್ಚುತ್ತಿದ್ದರು. ಅವರ ತಮ್ಮ ನನ್ನ ಗುರುತು ಹಿಡಿದು ಕುರ್ಚಿ ಹಾಕಿಸಿದರು. ಮನೆತನದ ರಾಗಿ ಹೊಲಗಳಲ್ಲಿ ಈಗ ಅಪಾರ್ಟ್‌ಮೆಂಟ್ ಕಟ್ಟಿಸುವವರು ಅವರು. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ತಾವೂ ಎದುರಿಗೆ ಕೂತು, "ನಮ್ಮಕ್ಕ ಬದುಕಿದ್ದಷ್ಟು ದಿನ ಎದ್ರುಕೊಂಡೇ ಬದುಕಿದ್ಳು ಕಣಮ್ಮ. ಗ್ಯಾಸ್ ಆಫ್ ಆಗೈತಾ, ಬಾಗ್ಲು ಆಕೈತಾ, ಇದೇ ಆಯ್ತು ಅವಳ ಜೀವ್ನ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎಷ್ಟೋ ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡಿದ ನನಗೆ, ಆ ಹೆದರಿಕೆಯನ್ನು ಅವರು ಏನು ಮಾಡಿದರು ಎನ್ನುವುದೂ ಗೊತ್ತಿತ್ತು. ಅದನ್ನು ಅಲ್ಲಿ, ಆ ಹೊತ್ತಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ನಮ್ಮದು ಯಲಹಂಕದ ಕಡೆಯ ಒಂದು ಸಂಶೋಧನಾ ಸಂಸ್ಥೆ. ಅದರ ಹಿಂಭಾಗದ ಕಟ್ಟಡದಲ್ಲಿ ನಾಲ್ಕೇ ಜನರ ಒಂದು ಪುಟ್ಟ ವಿಭಾಗ. ಮೇಡಂ ಅದರ ಮುಖ್ಯಸ್ಥೆ. ಹೆಬ್ಬಾಳದ ಆಚೆಯ ಆಸ್ಪತ್ರೆಯೊಂದರಿಂದ ರೋಗಿಗಳ ಸಿ.ಟಿ. ಸ್ಕ್ಯಾನುಗಳು ನಮಗೆ ಬರುತ್ತಿದ್ದವು. ಸ್ಕ್ಯಾನ್ ಎಂದರೆ ಬ್ರೆಡ್ಡನ್ನು ತೆಳ್ಳಗೆ ಕತ್ತರಿಸಿ ಸಾಲಾಗಿ ಇಟ್ಟ ಹಾಗೆ, ದೇಹದ ನೂರಾರು ಪದರಗಳು. ಅವನ್ನೆಲ್ಲ ಮತ್ತೆ ಜೋಡಿಸಿ, ಕಂಪ್ಯೂಟರಿನ ಮೇಲೆ ತಿರುಗಿಸಿ ನೋಡಬಹುದಾದ ಪೂರ್ತಿ ಆಕಾರ ಮಾಡಿಕೊಡುವುದು ನಮ್ಮ ಕೆಲಸ. ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಅದನ್ನು ಹಿಂದೆ ಮುಂದೆ ತಿರುಗಿಸಿ, ಗೆಡ್ಡೆ ಎಲ್ಲಿದೆ, ರಕ್ತನಾಳ ಎಲ್ಲಿ ಹಾದಿದೆ ಎಂದು ನೋಡಿಕೊಳ್ಳುತ್ತಿದ್ದರು. ನಾವದನ್ನು ಮಾದರಿ ಎನ್ನುತ್ತಿದ್ದೆವು. ಮೇಡಂ ಮಾತ್ರ ಪಟ ಎನ್ನುತ್ತಿದ್ದರು, ಬರಬರುತ್ತಾ ನಮಗೂ ಅದೇ ರೂಢಿಯಾಯಿತು.

ಈ ಕೆಲಸ ಮಾಡುವ ಸಾಫ್ಟ್‌ವೇರ್ ತೆರೆದುಕೊಳ್ಳುವಾಗ ಮೊಟ್ಟಮೊದಲು ಒಂದು ಪುಟ್ಟ ಫೈಲನ್ನು ಓದಿಕೊಳ್ಳುತ್ತದೆ. ಹಿನ್ನೆಲೆ ಬಿಳಿಯಿರಲಿ, ಮೂಳೆ ಕೆನೆಬಣ್ಣದಲ್ಲಿರಲಿ, ಅಳತೆ ಮಿಲಿಮೀಟರಿನಲ್ಲಿರಲಿ, ರೋಗಿಯ ಎಡ ಯಾವ ಕಡೆ ಬಲ ಯಾವ ಕಡೆ, ಇಂಥದ್ದೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆದಿರಬೇಕು. ಬರೆಯದಿದ್ದರೆ ಸಾಫ್ಟ್‌ವೇರ್ ತನಗೆ ತೋಚಿದ ಹಾಗೆ ತೆರೆದುಕೊಳ್ಳುತ್ತದೆ. ಎಲ್ಲರೂ ಸ್ಟಾರ್ಟಪ್ ಫೈಲ್ ಎನ್ನುವ ಇದಕ್ಕೆ ಮೇಡಂ ಇಟ್ಟುಕೊಂಡಿದ್ದ ಹೆಸರು ಶುರು ಫೈಲು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರವಿಡೀ ಬೇರೇನೂ ಮಾಡುವಂತಿರಲಿಲ್ಲ. ಅಭ್ಯಾಸಕ್ಕೆಂದು ಒಂದು ಶುರು ಫೈಲನ್ನು ತಾವೇ ಬರೆಯಬೇಕಿತ್ತು. ಮೇಡಂ ಬರೆದಿಟ್ಟ ಫೈಲು ಎಲ್ಲ ಕಂಪ್ಯೂಟರುಗಳಲ್ಲೂ ಇದ್ದರೂ ಅದನ್ನು ನೋಡುವ ಹಾಗಿರಲಿಲ್ಲ.

ನಾನು ಸೇರಿದಾಗ ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದೆ. ಆಗತಾನೇ ಎಂ.ಎಸ್ಸಿ. ಮುಗಿಸಿದ್ದ ಹುರುಪು. ಒಂದು ಫೈಲು ಬರೆಯಲು ವಾರ ಯಾಕೆ ಎಂದುಕೊಂಡು, ಅಂತರ್ಜಾಲದಲ್ಲಿ ಸಿಕ್ಕಿದ ಒಂದನ್ನು ಇಳಿಸಿಕೊಂಡು, ಹೆಸರು ಬದಲಾಯಿಸಿ, ಮಧ್ಯಾಹ್ನದ ಹೊತ್ತಿಗೆಲ್ಲ ಅವರ ಮುಂದಿಟ್ಟೆ. ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಒಂದೊಂದೇ ಸಾಲಿನ ಮೇಲೆ ಪೆನ್ಸಿಲ್ಲಿನ ಹಿಂಬದಿ ಇಟ್ಟು, "ಇದೇನ್ ಮಾಡುತ್ತೆ?" ಎಂದು ಕೇಳುತ್ತಾ ಹೋದರು. ಮೊದಲ ಕೆಲವಕ್ಕೆ ಹೇಳಿದೆ. ಆಮೇಲೊಂದು ಸಾಲಿಗೆ ತಡವರಿಸಿದೆ.

"ಗೊತ್ತಿಲ್ಲ ಮೇಡಂ. ಅದ್ರಲ್ಲಿತ್ತು."

"ಗುರುತು ಪರಿಚಯ ಇಲ್ದೋರ್ನ ಮನೆ ಒಳಗೆ ಕರ್ಕೊಂಡ್ ಬಂದು ಕೂರಿಸ್ಕೋತೀಯೇನಮ್ಮ?"

"ಇಲ್ಲ ಮೇಡಂ."

"ಮತ್ತೆ ಇವನ್ಯಾರು?"

ಆ ಸಾಲನ್ನು ಅಳಿಸಿದೆ. ಹೀಗೆ ಯಾರು ಎಂದು ಗೊತ್ತಿಲ್ಲದವರನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ಕಳಿಸಿದ ಮೇಲೆ ಫೈಲಿನಲ್ಲಿ ನಾಲ್ಕೈದು ಸಾಲು ಮಾತ್ರ ಉಳಿದವು. "ಈಗ ಶುರು ಮಾಡು" ಎಂದು ಎದ್ದು ಹೋದರು. ಬೈದಿರಲಿಲ್ಲ, ಆದರೂ ಸಂಜೆ ಬಸ್ಸಿನಲ್ಲಿ ನನಗೆ ಅಳು ಬಂದಿತ್ತು.

ಆ ವಾರದ ಕೊನೆಯಲ್ಲಿ ಇನ್ನೊಂದು ಪರೀಕ್ಷೆ. ಮೇಡಂ ನನ್ನ ಎದುರಿಗೆ ಬಂದು ನೆಟ್ಟಗೆ ನಿಂತು, "ನನ್ ಎಡಗೈ ಎಲ್ಲಿದೆ ತೋರ್ಸು" ಎಂದರು. ತೋರಿಸಿದೆ. "ಅದು ನಿಂಗೆ ಯಾವ್ ಕಡೆ?" ಬಲಗಡೆ ಎಂದೆ. "ಹ್ಞಾಂ. ಪೇಷಂಟ್ ನಿನ್ ಎದುರಿಗೆ ನಿಂತಿರ್ತಾನೆ ಅಂತಿಟ್ಕೋ. ಅವನ ಎಡ ನಿನ್ನ ಬಲ. ಇದನ್ನ ಮರೆತ ದಿನ ಈ ಕೆಲಸ ಬಿಟ್ಬಿಡು." ಹೇಳುವಾಗ ತಮ್ಮ ಎಡಗೈಯ ಗಾಜಿನ ಬಳೆಗಳನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಂಡರು. ಎಡ ಬಲದ ಮಾತು ಬಂದಾಗಲೆಲ್ಲ ಅವರ ಕೈ ಆ ಬಳೆಗಳಿಗೆ ಹೋಗುತ್ತಿತ್ತು. ಅವು ಅಲ್ಲೇ ಇವೆಯೋ ಇಲ್ಲವೋ ಎನ್ನುವ ಹಾಗೆ.

ಅವರ ಹೆದರಿಕೆಗಳು ನಮಗೆಲ್ಲ ಬಾಯಿಪಾಠವಾಗಿದ್ದವು. ಸಂಜೆ ಗೇಟಿನವರೆಗೂ ಹೋಗಿ, ಎ.ಸಿ. ಆಫ್ ಆಗಿದೆಯೋ ಇಲ್ಲವೋ ನೋಡಲು ವಾಪಸು ಬರುತ್ತಿದ್ದರು. ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಸುವ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಮೇಲೆ ಹಾರಿದರೆ ಮಾತು ನಿಲ್ಲಿಸಿ, ಸದ್ದು ದೂರವಾಗುವವರೆಗೆ ಕಾದು, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಹುಟ್ಟಿದಾಗಿನಿಂದ ಆ ವಿಮಾನಗಳ ಕೆಳಗೇ ಬೆಳೆದವರು, ಆದರೂ ಅಭ್ಯಾಸವಾಗಿರಲಿಲ್ಲ. ಎರಡು ಚಕ್ರದ ಗಾಡಿ ಹತ್ತುತ್ತಿರಲಿಲ್ಲ. ಕಚೇರಿಯಲ್ಲಿ ಓದಿದವರ ಕನ್ನಡ ಮಾತಾಡುತ್ತಿದ್ದ ಅವರಿಗೆ ಗಾಬರಿಯಾದರೆ ಮಾತ್ರ ಊರಿನ ಭಾಷೆ ಬಂದುಬಿಡುತ್ತಿತ್ತು. ಹೀಗೆ ಎನ್ನುವುದು ಇಂಗೆ ಆಗುತ್ತಿತ್ತು. 'ಹ' ಬಿದ್ದುಹೋಯಿತೆಂದರೆ ನಾವು ಕೈಲಿದ್ದ ಕೆಲಸ ಬಿಟ್ಟು ಅವರ ಕಡೆ ನೋಡುತ್ತಿದ್ದೆವು.

ಹಿಂದೆ ಏನೋ ಅನಾಹುತ ಆಗಿರಬೇಕು, ಅದಕ್ಕೇ ಹೀಗೆ ಎಂದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಪ್ರವೀಣ ನಂಬಿದ್ದ. ಒಂದು ದಿನ ಧೈರ್ಯ ಮಾಡಿ ಕೇಳಿಯೂ ಬಿಟ್ಟ. ಮೇಡಂ ಸ್ವಲ್ಪ ಯೋಚಿಸಿ, "ಏನೂ ಆಗಿಲ್ಲಪ್ಪ. ಆಗ್ಬಾರ್ದು ಅಂತ" ಎಂದರು.

ಕುಂಬಳಕಾಯಿಯ ಕತೆಯನ್ನೂ ಹೇಳಬೇಕು. ನಾವು ಮಾಡುವ ಪಟದಲ್ಲಿ ಎಡ ಬಲ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ದೇಹದ ಒಳಗನ್ನು ಯಾರೂ ಕಣ್ಣಾರೆ ಕಂಡಿರುವುದಿಲ್ಲ. ಅದಕ್ಕೆ ಮೇಡಂ ಮನೆಯ ಹಿತ್ತಲಲ್ಲಿ ಬೆಳೆದ ಒಂದು ಸಿಹಿಗುಂಬಳಕಾಯಿಯನ್ನು ಆಸ್ಪತ್ರೆಗೆ ಒಯ್ದರು. ಮಾರ್ಕರ್ ಪೆನ್ನಿನಲ್ಲಿ ಅದಕ್ಕೆ ಕಣ್ಣು ಮೂಗು ಬರೆದು, ಎಡಗಡೆಗೆ ಗುಂಡುಪಿನ್ನುಗಳನ್ನು ಚುಚ್ಚಿ, ಸ್ಕ್ಯಾನ್ ಮಾಡುವವರನ್ನು ಕಾಡಿ ಬೇಡಿ, ರೋಗಿಯನ್ನು ಮಲಗಿಸುವ ಹಾಗೆ ಅದನ್ನು ಮಲಗಿಸಿ ಸ್ಕ್ಯಾನ್ ಮಾಡಿಸಿದರು. ಅಲ್ಲಿದ್ದವರೆಲ್ಲ ನಕ್ಕರಂತೆ. ಮರುದಿನ ಪಿನ್ನು ಕಿತ್ತು ಆ ಕಾಯಿಯ ಹುಳಿ ಮಾಡಿ ತಂದರು, ನಾವೆಲ್ಲ ಉಂಡೆವು. ಅಂದಿನಿಂದ ಪ್ರತಿ ವಾರ ಶುರುವಿನಲ್ಲಿ ಅವರು ಮೊದಲು ಕುಂಬಳಕಾಯಿಯ ಸ್ಕ್ಯಾನನ್ನು ತೆರೆದು, ಪಿನ್ನುಗಳು ಎಡಗಡೆಯೇ ಇವೆ ಎಂದು ನೋಡಿದ ಮೇಲೆಯೇ ಮಿಕ್ಕ ಕೆಲಸ. ಅದನ್ನು ಅವರೇ ನೋಡುತ್ತಿದ್ದರು. ಬೇರೆ ಯಾರಿಗೂ ವಹಿಸಿರಲಿಲ್ಲ, ನಮಗೂ ಅದು ಅವರ ಒಂದು ಖಯಾಲಿ ಎಂದೇ ಅನಿಸಿತ್ತು.

ಒಂದು ವರ್ಷ ಅವರ ತಮ್ಮನ ಮಗಳ ಮದುವೆ ಬಂತು. ರಜೆಯನ್ನೇ ತೆಗೆದುಕೊಳ್ಳದ ಮೇಡಂ ಮನೆಯವರ ಬಲವಂತಕ್ಕೆ ಒಂದೂವರೆ ವಾರ ರಜೆ ಹಾಕಿದರು. ಅವರು ಇಲ್ಲದ ಹೊತ್ತಿನಲ್ಲಿ ಸಂಸ್ಥೆಯ ಕಂಪ್ಯೂಟರ್ ವಿಭಾಗದವರು ಎಲ್ಲ ಯಂತ್ರಗಳಿಗೂ ಸಾಫ್ಟ್‌ವೇರುಗಳ ಹೊಸ ಆವೃತ್ತಿ ಹಾಕಿದರು. ನಮ್ಮದೂ ಬದಲಾಯಿತು. ತೆರೆದು ನೋಡಿದರೆ ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ಬಿಳಿ ಹಿನ್ನೆಲೆ, ಅದೇ ಕೆನೆಬಣ್ಣದ ಮೂಳೆ, ಅಂಚಿನಲ್ಲಿ ಎಡ ಬಲ ಎಂದು ತೋರಿಸುವ ಅವೇ ಅಕ್ಷರಗಳು. ಪ್ರವೀಣ ಬಂದ ಸ್ಕ್ಯಾನುಗಳಿಗೆಲ್ಲ ಪಟ ಮಾಡಿ ಆಸ್ಪತ್ರೆಗೆ ಕಳಿಸಿದ. ನಾನಾಗ ಬೇರೊಂದು ಕೆಲಸದಲ್ಲಿದ್ದೆ.

ಮೇಡಂ ಕೈಗೆ ಮೆಹಂದಿ ಹಾಕಿಸಿಕೊಂಡು ವಾಪಸು ಬಂದ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ನಾವು ಅದನ್ನು ನೋಡಿ ನಕ್ಕೆವು, ಅವರೂ ನಾಚಿಕೊಂಡು ನಕ್ಕರು. ಮದುವೆಯ ಸಿಹಿ ಹಂಚಿ, ಕಂಪ್ಯೂಟರ್ ಹಾಕಿ, ಕುಂಬಳಕಾಯಿ ತೆರೆದರು. ಆಮೇಲೆ ಅವರ ಕಡೆಯಿಂದ ಸದ್ದೇ ಇಲ್ಲ. ನಾನು ತಿರುಗಿ ನೋಡಿದೆ. ಅವರು ಎಡಗೈಯ ಬಳೆ ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದರು.

"ಇಲ್ಲಿ ಬಾರಮ್ಮ. ಪಿನ್ನು ಯಾವ್ ಕಡೆ ಐತೆ?"

ಹೋಗಿ ನೋಡಿದೆ. ಪಿನ್ನುಗಳು ಬಲ ಎಂಬ ಅಕ್ಷರದ ಕಡೆ ಇದ್ದವು.

"ಬಲಗಡೆ ಮೇಡಂ."

"ಸರಿಯಾಗ್ ನೋಡು."

"ಬಲಗಡೇನೇ."

ಸಾಫ್ಟ್‌ವೇರನ್ನು ಮುಚ್ಚಿ ಮತ್ತೆ ತೆರೆದರು. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರು. ಎಲ್ಲ ಕಡೆ ಹಾಗೇ. ಕಾರಣ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಶುರು ಫೈಲಿನಲ್ಲಿ, ರೋಗಿ ನಮ್ಮ ಎದುರಿಗೆ ನಿಂತ ಹಾಗೆ ತೋರಿಸು ಎಂದು ಹೇಳುವ ಒಂದು ಸಾಲಿತ್ತು. ಹೊಸ ಆವೃತ್ತಿಯಲ್ಲಿ ಆ ಸೂಚನೆಯ ಹೆಸರು ಬದಲಾಗಿತ್ತು. ಹಳೆಯ ಹೆಸರು ಸಾಫ್ಟ್‌ವೇರಿಗೆ ಅರ್ಥವಾಗದೆ, ಅರ್ಥವಾಗಲಿಲ್ಲ ಎಂದು ಹೇಳದೆ, ಸುಮ್ಮನೆ ಆ ಸಾಲನ್ನು ದಾಟಿಕೊಂಡು ಹೋಗಿತ್ತು. ಪಟ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿತ್ತು. ಎಡ ಬಲದ ಅಕ್ಷರಗಳನ್ನು ಮಾತ್ರ ಮೇಡಂ ಬಹಳ ಹಿಂದೆ, ಎಲ್ಲರಿಗೂ ಎದ್ದು ಕಾಣಲಿ ಎಂದು, ಪರದೆಯ ಅಂಚಿಗೆ ಅಂಟಿಸಿದ ಹಾಗೆ ಫೈಲಿನಲ್ಲಿ ಬರೆದಿದ್ದರು. ಹಾಗಾಗಿ ಅವು ಇದ್ದಲ್ಲೇ ಇದ್ದವು.

"ಪ್ರವೀಣ, ಎಷ್ಟು ಪಟ ಓಗೈತೆ?"

'ಹ' ಬಿದ್ದುಹೋಗಿತ್ತು. ಪ್ರವೀಣ ಎದ್ದು ನಿಂತ. "ಮೂರು ಮೇಡಂ."

"ಆಪರೇಷನ್ ಯಾವತ್ತು?"

ಅವನು ಆಸ್ಪತ್ರೆಯಿಂದ ಬಂದ ಮೇಲ್‌ಗಳನ್ನು ತೆರೆದ. ಎರಡಕ್ಕೆ ಇನ್ನೂ ದಿನವಿತ್ತು. ಒಂದು ಕಿಡ್ನಿಯದು, ಬಲಗಡೆಯ ಕಿಡ್ನಿಯಲ್ಲಿ ಗೆಡ್ಡೆ, ತೆಗೆಯಬೇಕಾದದ್ದು. "ಇವತ್ತು. ಬೆಳಿಗ್ಗೆ" ಎಂದ.

ವೈದ್ಯರ ಫೋನು ಸ್ವಿಚ್ ಆಫ್ ಆಗಿತ್ತು. ಆಸ್ಪತ್ರೆಯ ನಂಬರಿಗೆ ಮಾಡಿದರೆ ರೆಕಾರ್ಡ್ ಮಾಡಿದ ದನಿ, ಕಾಯುತ್ತಿರಿ ಎಂದು ಇಂಪಾಗಿ ಹೇಳುತ್ತಿತ್ತು. "ಅವರು ಮೂಲ ಸ್ಕ್ಯಾನ್ ನೋಡೇ ನೋಡ್ತಾರೆ ಮೇಡಂ, ನಮ್ ಪಟ ಒಂದನ್ನೇ ನಂಬ್ಕೊಂಡು ಯಾರು ಮಾಡ್ತಾರೆ?" ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

"ನೋಡ್ತಾರೆ. ನೋಡ್ದೆ ಓದ್ರೆ?" ಎನ್ನುತ್ತಾ ಅವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ಪ್ರವೀಣ, ನೀನು ಫೋನ್ ಮಾಡ್ತಾನೇ ಇರು. ಆ ಎರಡು ಪಟಾನೂ ವಾಪಸ್ ತಗೊಳಿ ಅಂತ ಮೇಲ್ ಆಕು. ಬಾರಮ್ಮ, ನಿನ್ ಗಾಡಿ ತೆಗಿ."

"ಗಾಡೀಲಿ ಬರ್ತೀರಾ ಮೇಡಂ?"

"ಕಾರಲ್ಲಿ ಓದ್ರೆ ಹೆಬ್ಬಾಳ ದಾಟಕ್ಕಾಗಲ್ಲ."

ನನ್ನ ಸ್ಕೂಟರಿನ ಹಿಂದೆ ಅವರು ಒಂದು ಬದಿಗೆ ಕಾಲು ಹಾಕಿಕೊಂಡು ಕೂತರು. ನನ್ನ ಹೆಗಲನ್ನು ಹಿಡಿದ ಹಿಡಿತ ಜಕ್ಕೂರು ಕ್ರಾಸಿನಿಂದ ಆಸ್ಪತ್ರೆಯವರೆಗೆ ಒಮ್ಮೆಯೂ ಸಡಿಲವಾಗಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಯಿಂದ ಬರುವ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಸರ್ವೀಸ್ ರಸ್ತೆಗೆ ಇಳಿಸಿದೆ. ಬ್ಯಾಟರಾಯನಪುರದ ಹತ್ತಿರ ಪೈಪಿಗೆ ಅಗೆದಿದ್ದ ಮಣ್ಣಿನ ಮೇಲೆ ಗಾಡಿ ಜಾರಿತು. ಕಾಲು ಕೊಟ್ಟು ನಿಲ್ಲಿಸಿದೆ. ಬೇರೆ ದಿನವಾಗಿದ್ದರೆ ಮೇಡಂ ಇಳಿದು ನಡೆದುಕೊಂಡೇ ಹೋಗುತ್ತಿದ್ದರು. ಅವತ್ತು ಕೂತೇ ಇದ್ದರು. ಕೊಡಿಗೇಹಳ್ಳಿ ಗೇಟಿನ ಸಿಗ್ನಲ್ಲಿನಲ್ಲಿ ನನ್ನ ಕಿವಿಯ ಹತ್ತಿರ, "ಶುರು ಮಾಡಿರ್ತಾರಾ?" ಎಂದು ಕೇಳಿದರು. ಹಸಿರು ದೀಪ ಬರಲಿ ಎಂದು ನೋಡುತ್ತಾ ನಿಂತೆ.

ಆಸ್ಪತ್ರೆಯ ಲಿಫ್ಟಿನ ಬಳಿ ಸೆಕ್ಯುರಿಟಿಯವನು ಅಡ್ಡ ನಿಂತ. "ಪಾಸ್ ಇಲ್ದೆ ಮೇಲೆ ಬಿಡಲ್ಲ ಮೇಡಂ."

"ಬುಡಪ್ಪ. ಒಳಗೊಬ್ರು ಮಲಗವ್ರೆ. ಅವ್ರಿಗೆ ನಾನು ತಪ್ಪು ಪಟ ಕೊಟ್ಟಿದೀನಿ. ಬೇಕಾದ್ರೆ ನೀನೂ ಜೊತೆಗೆ ಬಾ."

ಆತ ಅವರ ಮುಖ ನೋಡಿ, ತಾನೇ ಲಿಫ್ಟಿನ ಗುಂಡಿ ಒತ್ತಿ, ಜೊತೆಗೆ ಬಂದ.

ಆಪರೇಷನ್ ಥಿಯೇಟರಿನ ಹೊರಗೆ ಉದ್ದದ ಬೆಂಚು. ಅದರ ಮೇಲೆ ಒಬ್ಬ ಹೆಂಗಸು, ತೊಡೆಯ ಮೇಲೆ ಫ್ಲಾಸ್ಕು. ಬಾಗಿಲು ತೆರೆದು ಬಂದ ಸಿಸ್ಟರನ್ನು ಮೇಡಂ ತಡೆದರು.

"ಸಿಸ್ಟರ್, ಕಿಡ್ನಿ ಆಪರೇಷನ್ ನಡೀತಿದ್ಯಲ್ಲ, ಒಳಗೆ ಸ್ಕ್ರೀನ್ ಮೇಲೆ ನಮ್ ಪಟ ಇದ್ರೆ ಆಫ್ ಮಾಡಿಸಿ. ಎಡ ಬಲ ಉಲ್ಟಾ ಆಗೈತೆ. ಇಷ್ಟು ಹೇಳಿ, ಸಾಕು."

"ಯಾರು ನೀವು?"

"ಪಟ ಮಾಡ್ದೋರು."

ಸಿಸ್ಟರ್ ಒಂದು ಕ್ಷಣ ನಿಂತು, ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಬೆಂಚಿನ ಮೇಲಿದ್ದ ಹೆಂಗಸು ಎದ್ದು ನಿಂತಿದ್ದರು.

"ಏನಾಯ್ತು ಮೇಡಂ? ನಮ್ ಯಜಮಾನ್ರ ವಿಷಯಾನಾ?"

"ಒಂದ್ನಿಮಿಷ ಇರಮ್ಮ, ಕೇಳ್ಕೊಂಡು ಹೇಳ್ತೀನಿ" ಎಂದು ಮೇಡಂ ಆಕೆಯ ಕೈ ಹಿಡಿದು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಸಿಸ್ಟರ್ ಹೊರಗೆ ಬಂದು, "ಡಾಕ್ಟ್ರಿಗೆ ಹೇಳಿದೀನಿ. ಕೂತಿರಿ ಅಂದ್ರು" ಎಂದರು.

"ಕೂತಿರಿ ಅಂದ್ರೆ?"

"ಅಷ್ಟೇ ಹೇಳಿದ್ದು ಮೇಡಂ. ಕೂತಿರಿ ಅಂದ್ರು."

ಕೂತೆವು. ಎಷ್ಟು ಹೊತ್ತೋ ನನಗೆ ತಿಳಿಯದು. ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ಕ್ರಮವನ್ನು ಹೇಳುವ ಚಿತ್ರವಿತ್ತು. ಅದನ್ನು ಎಷ್ಟು ಸಲ ಓದಿದೆನೋ. ಮೇಡಂ ಕಣ್ಣು ಬಾಗಿಲ ಮೇಲಿಂದ ತೆಗೆಯಲಿಲ್ಲ. ಮೆಹಂದಿಯ ಕೈಗಳಲ್ಲಿ ಸೆರಗಿನ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಆ ಹೆಂಗಸು ಪಾಪ, ಏನೂ ತಿಳಿಯದಿದ್ದರೂ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವರಿಗೆ ಕೊಡಲು ಹೋದರು. ಮೇಡಂ ಬೇಡವೆಂದು ತಲೆಯಾಡಿಸಿದರು.

ಕೊನೆಗೆ ವೈದ್ಯರು ಬಂದರು. ನಮ್ಮನ್ನು ಮಾತ್ರ ಕಾರಿಡಾರಿನ ಮೂಲೆಗೆ ಕರೆದರು. "ನೀವು ಹೇಳಿ ಕಳಿಸೋದಕ್ಕೆ ಮುಂಚೆನೇ ನಮಗೆ ಅನುಮಾನ ಬಂತು. ಪಟದಲ್ಲಿ ದೊಡ್ಡ ರಕ್ತನಾಳ ಇರಬೇಕಾದ ಕಡೆ ಇರಲಿಲ್ಲ. ನಿಲ್ಲಿಸಿ, ಮೂಲ ಸ್ಕ್ಯಾನ್ ನೋಡಿ, ಮೈಮೇಲೆ ಹಾಕಿದ್ದ ಗುರುತು ನೋಡಿ, ಆಮೇಲೆ ಶುರು ಮಾಡಿದ್ವಿ. ಬಲಗಡೆದೇ ತೆಗ್ದಿದೀವಿ. ಎಲ್ಲ ಸರಿಯಾಗಿದೆ."

ಮೇಡಂ ಗೋಡೆಗೆ ಕೈ ಕೊಟ್ಟು ನಿಂತರು.

"ನಮ್ ಕಡೆಯಿಂದ ಇದನ್ನ ರಿಪೋರ್ಟ್ ಮಾಡ್ತೀವಿ, ಮಾಡಲೇಬೇಕು," ವೈದ್ಯರು ಮುಂದುವರಿಸಿದರು. "ಆದ್ರೆ ಅವರ ಮನೆಯವರಿಗೆ ಈಗ್ಲೇ ಹೇಳಿ ಯಾಕೆ ಗಾಬರಿ ಮಾಡ್ತೀರ? ಏನೂ ಆಗಿಲ್ವಲ್ಲ."

ಮೇಡಂ ಕೈಮುಗಿದರು. ವೈದ್ಯರು ಹೋದ ಮೇಲೆ ನೆಟ್ಟಗೆ ಬೆಂಚಿಗೆ ಬಂದು, ಆ ಹೆಂಗಸಿನ ಪಕ್ಕ ಕೂತರು.

"ಆಪರೇಷನ್ ಚೆನ್ನಾಗಾಗಿದೆ ಅಮ್ಮ. ಅದನ್ನ ಮೊದ್ಲು ಹೇಳ್ತೀನಿ. ಈ ಆಪರೇಷನ್‌ಗೆ ಅಂತ ನಾವೊಂದು ಪಟ ಮಾಡ್ಕೊಟ್ಟಿದ್ವಿ. ಅದ್ರಲ್ಲಿ ಎಡಗಡೆದು ಬಲಗಡೆ ಕಾಣ್ತಿತ್ತು. ತಪ್ಪು ನಂದು. ಡಾಕ್ಟ್ರು ನೋಡ್ಕೊಂಡು ಸರಿ ಮಾಡ್ಕೊಂಡಿದಾರೆ."

ಆ ಹೆಂಗಸು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ಭದ್ರ ಮಾಡಿದರು. ಮತ್ತೆ ಬಿಚ್ಚಿದರು. ಮತ್ತೆ ಭದ್ರ ಮಾಡಿದರು.

"ಅವರು ನೋಡ್ಕೊಳ್ದೆ ಇದ್ದಿದ್ರೆ?"

"ಅದಕ್ಕೇ ಓಡಿಬಂದೆ."

ಆಕೆ ಫ್ಲಾಸ್ಕನ್ನು ಪಕ್ಕಕ್ಕಿಟ್ಟು, "ಅವರಿಗೆ ಎಚ್ಚರ ಆದ್ಮೇಲೆ ನೀವೇ ಹೇಳಿ ಮೇಡಂ. ನಂಗೆ ಹೇಳಕ್ಕೆ ಬರಲ್ಲ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಡಂ ಆಮೇಲೆ ನನ್ನ ಹತ್ತಿರ ಹೇಳಿದ್ದುಂಟು.

ಮರುದಿನ ಮೇಡಂ ವಾರ್ಡಿಗೆ ಹೋಗಿ ಹೇಳಿದರು. ನಾನೂ ಜೊತೆಗಿದ್ದೆ. ಆತ ಆರ್.ಟಿ. ನಗರದಲ್ಲಿ ಹಳೆಯ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವರು, ತೆಳ್ಳಗೆ ಉದ್ದಕ್ಕೆ ಇದ್ದರು. ದಿಂಬಿಗೆ ಒರಗಿಕೊಂಡು ಗಮನವಿಟ್ಟು ಕೇಳಿದರು. "ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕ್ದಂಗಾಯ್ತು ಅನ್ನಿ. ನಮ್ಮಲ್ಲೂ ಒಂದ್ಸಲ ಆಗಿತ್ತು. ಮದುವೆ ಹೆಣ್ಣಿನ ಸೆರಗು ಬಲಗಡೆ ಬಂದ್ಬಿಟ್ಟಿತ್ತು" ಎಂದು ನಗಲು ಹೋಗಿ, ಹೊಲಿಗೆ ನೋವಾಗಿ ನಿಲ್ಲಿಸಿದರು. ಆಮೇಲೆ ಅವರ ಮುಖ ನಿಧಾನಕ್ಕೆ ಬದಲಾಯಿತು. ಹೊದಿಕೆಯ ಮೇಲಿನಿಂದಲೇ ಒಂದು ಪಕ್ಕೆ ಮುಟ್ಟಿಕೊಂಡು, ಇನ್ನೊಂದು ಪಕ್ಕೆ ಮುಟ್ಟಿಕೊಂಡು, "ಈಗ ತೆಗ್ದಿರೋದು ಯಾವ್ದು?" ಎಂದು ಕೇಳಿದರು.

"ಬಲಗಡೆದು. ಗೆಡ್ಡೆ ಇದ್ದಿದ್ದೇ ತೆಗ್ದಿರೋದು."

"ಖಂಡಿತಾನಾ?"

"ಖಂಡಿತ."

ಸಂಸ್ಥೆಯಲ್ಲಿ ವಿಚಾರಣೆ ನಡೆಯಿತು. ಹೇಳದೆ ಕೇಳದೆ ಆವೃತ್ತಿ ಬದಲಾಯಿಸಿದವರ ತಪ್ಪೋ, ನೋಡದೆ ಕಳಿಸಿದ ಪ್ರವೀಣನ ತಪ್ಪೋ ಎಂದು ಮೀಟಿಂಗಿನಲ್ಲಿ ಚರ್ಚೆ ಎದ್ದಾಗ ಮೇಡಂ, "ಯಾರದ್ದೂ ಅಲ್ಲ. ಫೈಲು ನಂದು. ಅಕ್ಷರ ಅಂಟ್ಸಿದ್ದು ನಾನು. ಕುಂಬಳಕಾಯಿ ನೋಡೋದನ್ನ ಇನ್ನೊಬ್ರಿಗೆ ಹೇಳ್ಕೊಡ್ದೆ ರಜ ಹೋಗಿದ್ದೂ ನಾನೇ" ಎಂದರು. ಕೆಲವು ತಿಂಗಳು ಆಸ್ಪತ್ರೆಯಿಂದ ಸ್ಕ್ಯಾನ್ ಬರಲಿಲ್ಲ. ಆ ಹೊತ್ತಿನಲ್ಲಿ ಅವರು ಶುರು ಫೈಲನ್ನು ಮೊದಲಿನಿಂದ ಬರೆದರು. ಅಂಟಿಸಿದ ಅಕ್ಷರಗಳು ಹೋದವು. ಎಡ ಬಲವನ್ನು ಸ್ಕ್ಯಾನೇ ಹೇಳಬೇಕು, ನಾವಲ್ಲ. ಅರ್ಥವಾಗದ ಸಾಲು ಒಂದೇ ಒಂದಿದ್ದರೂ ಸಾಫ್ಟ್‌ವೇರ್ ತೆರೆಯುವಂತೆಯೇ ಇಲ್ಲ. ಯಂತ್ರ ಆಗಾಗ ಮೊಂಡು ಹಿಡಿದು ನಿಂತುಬಿಡುತ್ತಿತ್ತು. "ಮೇಡಂ, ಬೆಳಿಗ್ಗೆಯಿಂದ ತೆರೀತಾನೇ ಇಲ್ಲ" ಎಂದು ಪ್ರವೀಣ ಗೊಣಗಿದರೆ, "ತೆರೀದೇ ಇರ್ಲಿ ಬಿಡು, ಯಾಕೆ ಅಂತ ಹುಡುಕು" ಎನ್ನುತ್ತಿದ್ದರು. ಕುಂಬಳಕಾಯಿ ನೋಡುವ ಪಾಳಿ ನಮ್ಮೆಲ್ಲರಿಗೂ ಬಂತು.

ಇದೆಲ್ಲ ಸರಿಹೋಗುತ್ತಾ ಬಂದರೂ ಒಂದು ಮಾತ್ರ ಸರಿಹೋಗಲಿಲ್ಲ. ಸ್ಟುಡಿಯೋದವರು ಫೋನ್ ಮಾಡಲು ಶುರು ಮಾಡಿದರು. ಗಾಯ ಮಾಗಿತ್ತು, ಅಂಗಡಿಗೆ ಹೋಗುತ್ತಿದ್ದರು, ಆದರೂ ಮೂರ್ನಾಲ್ಕು ದಿನಕ್ಕೊಮ್ಮೆ ಫೋನು. "ಮೇಡಂ, ಬಲಗಡೆದೇ ಅಲ್ವಾ ತೆಗ್ದಿರೋದು? ಬೇಜಾರು ಮಾಡ್ಕೋಬೇಡಿ, ರಾತ್ರಿ ಮಲಗಿದ್ರೆ ಅದೇ ಯೋಚ್ನೆ ಬರುತ್ತೆ." ವೈದ್ಯರು ಹೇಳಿದರೂ ನಂಬಿಕೆಯಿಲ್ಲ, ಕಾಗದ ತೋರಿಸಿದರೂ ಇಲ್ಲ. ಮೇಡಂ ಫೋನು ಹಿಡಿದು ಕಿಟಕಿಯ ಬಳಿ ಹೋಗಿ, ಪ್ರತಿ ಸಲವೂ ಮೊದಲ ಸಲ ಹೇಳುವ ಹಾಗೆ ಎಲ್ಲವನ್ನೂ ವಿವರಿಸುತ್ತಿದ್ದರು. ಒಂದು ಸಲವೂ ಬೇಸರದ ದನಿ ಬರಲಿಲ್ಲ. ಫೋನ್ ಇಟ್ಟ ಮೇಲೆ ಮಾತ್ರ ಅವರ ಮುಖ ನೋಡಲಾಗುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಕೇಳಿದೆ. "ಮೇಡಂ, ಅವತ್ತು ಡಾಕ್ಟ್ರು ಬೇಡ ಅಂದಿದ್ರು. ಹೇಳ್ದೆ ಇದ್ದಿದ್ರೆ ಅವರು ನೆಮ್ಮದಿಯಾಗಿ ಇರ್ತಿದ್ರಲ್ವಾ?"

"ಇರ್ತಿದ್ರು" ಎಂದರು. ಪೆನ್ಸಿಲನ್ನು ಮೇಜಿನ ಮೇಲೆ ಅತ್ತ ಇತ್ತ ಉರುಳಿಸಿದರು. "ನನ್ನಲ್ಲಿದ್ದ ಹೆದರಿಕೇನ ತಗೊಂಡು ಅವರಿಗೆ ಕೊಟ್ಬಿಟ್ನೇನೋ. ಮಾಡಿದ್ದು ಸರೀನೋ ತಪ್ಪೋ ನಂಗೆ ಗೊತ್ತಿಲ್ಲ ಕಣಮ್ಮ." ಒಂದೊಂದು ಸಾಲಿಗೂ ಕಾರಣ ಕೇಳುತ್ತಿದ್ದವರು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆರು ತಿಂಗಳ ನಂತರದ ತಪಾಸಣೆಗೆ ಆಸ್ಪತ್ರೆಯವರು ಆತನಿಗೆ ಮತ್ತೆ ಸ್ಕ್ಯಾನ್ ಮಾಡಿದರು. "ಆ ಸಿ.ಡಿ. ತಗೊಂಡು ನಮ್ಮಲ್ಲಿಗೇ ಬನ್ನಿ. ನಿಮ್ ಕಣ್ಣೆದುರಿಗೇ ತೆರೀತೀನಿ" ಎಂದು ಮೇಡಂ ಕರೆದರು. ಗಂಡ ಹೆಂಡತಿ ಆಟೋದಲ್ಲಿ ಬಂದರು. ಸಾಫ್ಟ್‌ವೇರ್ ತೆರೆಯುವಾಗ, ಇವತ್ತೊಂದು ದಿನ ಮೊಂಡು ಹಿಡಿಯದಿರಲಿ ಎಂದುಕೊಂಡೆ. ತೆರೆಯಿತು. ಬೆನ್ನುಮೂಳೆ, ಪಕ್ಕೆಲುಬುಗಳು, ಎಡಗಡೆಗೊಂದು ಕಿಡ್ನಿ. ಬಲಗಡೆ ಖಾಲಿ. ಮೇಡಂ ಮೌಸನ್ನು ಆತನ ಕೈಗೆ ಕೊಟ್ಟರು. "ನೀವೇ ತಿರುಗಿಸಿ ನೋಡಿ."

ಆತ ತಿರುಗಿಸಿದರು. ಮುಂದಿನಿಂದ, ಹಿಂದಿನಿಂದ, ಮೇಲಿನಿಂದ. ಎದ್ದು ನಿಂತು, ಪರದೆಗೆ ಬೆನ್ನು ಮಾಡಿ, ತನ್ನ ಎಡ ಪಕ್ಕೆಯ ಮೇಲೆ ಕೈಯಿಟ್ಟು, ಕತ್ತು ತಿರುಗಿಸಿ ಪರದೆ ನೋಡಿದರು. ಹೆಂಡತಿ, "ಸಾಕು ಬನ್ರೀ, ಅವರಿಗೆ ಬೇರೆ ಕೆಲ್ಸ ಇರುತ್ತೆ" ಎಂದರು. "ಇರ್ಲಿ ಅಮ್ಮ, ನೋಡ್ಲಿ" ಎಂದರು ಮೇಡಂ. ಆತ ಮನಸ್ಸು ತೃಪ್ತಿಯಾಗುವವರೆಗೆ ನೋಡಿದರು. ಹೋಗುವಾಗ, "ಬೆಳಕು ಚೆನ್ನಾಗಿ ಬಿಟ್ಟಿದೀರ ಮೇಡಂ, ನೆರಳು ಕರೆಕ್ಟಾಗಿ ಬಿದ್ದಿದೆ" ಎಂದು ವೃತ್ತಿಯ ಮಾತಾಡಿದರು.

ಅದಾದ ಮೇಲೆ ಫೋನು ಬರಲಿಲ್ಲ. ಒಂದು ವಾರ ಕಳೆಯಿತು, ಎರಡು ವಾರ. ಮೇಡಂಗೆ ಅದೂ ಒಂದು ಚಿಂತೆಯಾಯಿತು. ಹುಷಾರಿಲ್ಲವೋ ಏನೋ, ನಾವೇ ಏನಾದರೂ ತಪ್ಪು ಮಾತಾಡಿದೆವೋ ಏನೋ ಎಂದು ಚಡಪಡಿಸಿ, ಒಂದು ಮಧ್ಯಾಹ್ನ ಊಟವಾದ ಮೇಲೆ ತಾವೇ ಫೋನ್ ಮಾಡಿದರು. ಎತ್ತಿದ್ದು ಹೆಂಡತಿ. ಸ್ಪೀಕರಿನಲ್ಲಿತ್ತು, ನನಗೂ ಕೇಳಿಸಿತು. ಯಾವ ಕಡೆಯದು ತೆಗೆದದ್ದು ಎಂದು ಈಗ ಕೇಳುವುದೇ ಇಲ್ಲವಲ್ಲ, ಹುಷಾರಾಗಿದ್ದಾರಾ ಎಂದು ಮೇಡಂ ವಿಚಾರಿಸಿದರು.

"ಅದಾ ಮೇಡಂ? ಅವರು ಅದನ್ನ ಮರ್ತೇಬಿಟ್ಟಿದಾರೆ. ಅಂಗಡಿಗೆ ಹೊಸ ಬೋರ್ಡ್ ಹಾಕಿಸ್ಬೇಕು ಅಂತ ಓಡಾಡ್ತಿದಾರೆ. ಬಂದ್ಮೇಲೆ ಮಾಡ್ಸಲಾ?"

"ಬೇಡ ಬೇಡ. ನೆನಪು ಮಾಡ್ಬೇಡಿ" ಎಂದು ಮೇಡಂ ಫೋನ್ ಇಟ್ಟರು. ನನ್ನ ಕಡೆ ತಿರುಗಿ, "ಮರ್ತಿದಾರಂತೆ" ಎಂದರು.

ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಯೋಚನೆ ಮಾಡುತ್ತಿದ್ದಾರೆ ಎಂದುಕೊಂಡು ನನ್ನ ಕೆಲಸಕ್ಕೆ ಹಿಂದಿರುಗಿದೆ. ಸ್ವಲ್ಪ ಹೊತ್ತಿಗೆ ಉಸಿರಿನ ಸದ್ದು ಕೇಳಿಸಿತು. ತಲೆ ಒಂದು ಕಡೆಗೆ ವಾಲಿ, ಬಾಯಿ ಸ್ವಲ್ಪ ತೆರೆದುಕೊಂಡು, ಗಾಢ ನಿದ್ದೆ. ಕಚೇರಿಯಲ್ಲಿ ಅವರು ಮಲಗಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಪ್ರವೀಣ ಏನನ್ನೋ ಕೇಳಲು ಬಾಗಿಲು ತಳ್ಳಿಕೊಂಡು ಬಂದ. ತುಟಿಯ ಮೇಲೆ ಬೆರಳಿಟ್ಟೆ. ಅವನು ಅವರನ್ನೇ ನೋಡಿ, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು, ಹೊರಗೆ ನಿಂತ.